ವರ್ಲಿನ್ ಹೊಡೆದ ಎಂಟನೆಯ ಮೊಳೆ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಎರಡಂಗುಲದ ಒಂದು ಮೊಳೆ. ನವೆಂಬರ್ ಮೊದಲ ಶನಿವಾರ ಬೆಳಗಿನ ಐದು ಗಂಟೆಗೆ, ಕೊಟ್ಟಿಗೆಯಲ್ಲಿ ಹಾಲು ಕರೆಯುವ ಯಂತ್ರ ಇನ್ನೂ ಗುಂಯ್ಗುಡುತ್ತಿರುವಾಗಲೇ, ವರ್ಲಿನ್ ಶ್ಟುಕಿ ತನ್ನ ಮಾವನ ಹಾಲಿನ ಕೋಣೆಗೆ ನುಗ್ಗಿ, ಗೋಡೆಯ ಹಲಗೆಗೆ ಆ ಮೊಳೆಯನ್ನು ನಾಲ್ಕೇ ಏಟಿಗೆ ಜಡಿದುಬಿಟ್ಟ. ಐದನೆಯ ಏಟು ಹೆಬ್ಬೆರಳಿಗೆ ಬಿತ್ತು. ಆದರೂ ಅವನು ಉಫ್ ಎನ್ನಲಿಲ್ಲ. ಹೆಂಡತಿಯ ಮನೆಯವರು ಸಾಲಾಗಿ ನಿಂತು ನೋಡುತ್ತಿರುವಾಗ ಉಫ್ ಎನ್ನುವ ಜಾತಿಯ ಮನುಷ್ಯ ಅವನಲ್ಲ.

ಹಲಗೆಯ ವಿಷಯ ಹೇಳಬೇಕು. ಅದರ ಮೇಲೆ ಹೌಗ್‌ಸ್ಟಾಡ್ ಮನೆತನದ ನೂರಿಪ್ಪತ್ತು ಎಕರೆ ಕಾಡಿನ ನಕ್ಷೆ ಇದೆ. ಕೊಟ್ಟಿಗೆಗೆ ಬಳಿದು ಉಳಿದ ಕೆಂಪು ಬಣ್ಣದಲ್ಲಿ ಮಾವ ಅರ್ವಿಡ್ ತಾವೇ ಬರೆದದ್ದು. ಬಿಲ್ಲು ಹಿಡಿದು ಜಿಂಕೆಗೆ ಕಾಯುವ ಅಟ್ಟಣೆ ಎಲ್ಲೆಲ್ಲಿದೆಯೋ ಅಲ್ಲಲ್ಲಿ ಒಂದೊಂದು ಮೊಳೆ. ಕಾಡಿಗೆ ಹೋಗುವವರು, ಹಸುವಿನ ಕಿವಿಗೆ ಹಾಕುತ್ತಾರಲ್ಲ ಅಂಥ ಹಳದಿ ಬಿಲ್ಲೆಯ ಮೇಲೆ ತಮ್ಮ ಹೆಸರು ಬರೆದು, ತಾವು ಕೂರುವ ಜಾಗದ ಮೊಳೆಗೆ ತೂಗುಹಾಕಿ ಹೋಗಬೇಕು. ಇದು ಒಳ್ಳೆಯ ಪದ್ಧತಿಯೇ. ಯಾರು ಯಾವ ಮರದಲ್ಲಿದ್ದಾರೆಂದು ತಿಳಿಯದೆ ಬಾಣ ಬಿಟ್ಟರೆ ಜಿಂಕೆಯ ಬದಲು ಭಾವಮೈದ ಬೀಳಬಹುದು.

ರಗಳೆ ಇದ್ದದ್ದು ಎರಡನೆಯ ಪದ್ಧತಿಯಲ್ಲಿ. ಒಂದು ಜಾಗದಲ್ಲಿ ಕೂತು ಗಂಡು ಜಿಂಕೆ ಕೆಡವಿದರೆ ಆ ಮೊಳೆಯ ಕೆಳಗೆ ಹೆಸರು ಬರೆಯುತ್ತಾರೆ. ಬಾಣ ಬಿಟ್ಟವನ ಹೆಸರಲ್ಲ, ಜಾಗ ಆರಿಸಿದವರ ಹೆಸರು. ಬಾಣ ಬಿಡುವುದಕ್ಕೆ ಕೈ ಸಾಕು, ಜಾಗ ಆರಿಸುವುದಕ್ಕೆ ತಲೆ ಬೇಕು ಎಂಬುದು ಅರ್ವಿಡ್ ಅವರ ವಾದ. ಒಮ್ಮೆ ಹೆಸರು ಬಿತ್ತೆಂದರೆ ಆ ಜಾಗ ಅವರದು. ಬೇರೆಯವರು ಅಲ್ಲಿ ಕೂರಬೇಕಾದರೆ ಬಾಯಿಬಿಟ್ಟು ಅಪ್ಪಣೆ ಕೇಳಬೇಕು. ಹಲಗೆಯ ಮೇಲೆ ಮೂರು ಮೊಳೆ ಅರ್ವಿಡ್ ಅವರ ಹೆಸರಿನಲ್ಲಿ, ಮೂರು ಅವರ ತಂಗಿ ಸೋಲ್ವೇಗ್ ಹೆಸರಿನಲ್ಲಿ. ಅರ್ವಿಡ್ ಮಗ ಗೇಲನ್ ಆರು ವರ್ಷದ ಹಿಂದೆ ಊರೇ ಬಂದು ನೋಡುವಂಥ ಜಿಂಕೆ ಕೆಡವಿದ್ದ. ಆದರೆ ಸೋಲ್ವೇಗ್ ಅದಕ್ಕೆ ಮುಂಚೆ ಫೋನಿನಲ್ಲಿ, ಆ ಹಳ್ಳದ ಕಡೆ ಒಮ್ಮೆ ಹೋಗಿ ನೋಡೋ ಎಂದಿದ್ದರು. ಮೊಳೆ ಸೋಲ್ವೇಗ್ ಹೆಸರಿಗೆ ಹೋಯಿತು. ನಲವತ್ತು ದಾಟಿದ ಗಂಡಸು ಈಗಲೂ ಪ್ರತಿ ವರ್ಷ, ಅತ್ತೇ, ಹಳ್ಳದ ಹತ್ತಿರ ಕೂತ್ಕೊಳ್ಳಲಾ, ಎಂದು ಹಲ್ಲು ಗಿಂಜುತ್ತಾನೆ.

ಏಳನೆಯ ಮೊಳೆಗೆ ಹೆಸರಿಲ್ಲ, ಅಡ್ಡಹೆಸರಿದೆ: ಫ್ರಿಜ್. ಕಣಿವೆಯ ಗಾಳಿಯೆಲ್ಲ ಹುಡುಕಿಕೊಂಡು ಬಂದು ಬಡಿಯುವ ಜಾಗ. ಅಳಿಯನಾಗಿ ಬಂದ ದಿನದಿಂದ ಹದಿನೆಂಟು ವರ್ಷ ವರ್ಲಿನ್ ಕೂತದ್ದು ಅಲ್ಲೇ. ಅಲ್ಲಿಂದ ಅವನು ಇಷ್ಟು ವರ್ಷದಲ್ಲಿ ಕಂಡದ್ದು ಪಕ್ಕದ ತೋಟದ ಒಂದು ಬೆಕ್ಕು, ಎರಡು ಕಾಡುಕೋಳಿ, ದಾರಿ ತಪ್ಪಿದ ಒಬ್ಬ ವಿಮಾ ಏಜೆಂಟ್.

ವರ್ಲಿನ್ ನಮ್ಮ ಟೌನ್‌ಶಿಪ್‌ನ ರಸ್ತೆಗಳಿಂದ ಹಿಮ ತೆಗೆಯುವ ಲಾರಿಯ ಡ್ರೈವರ್. ಕೆಲಸಗಾರ, ಒಳ್ಳೆಯವನು, ಆದರೆ ಬೇಡ ಎಂದ ಕಡೆಗೇ ಕಾಲು ಹಾಕುವವನು. ಹೋದ ಜನವರಿಯಲ್ಲಿ ಗುಡ್ಡದ ರಸ್ತೆಗೆ ಇವತ್ತು ಹೋಗಬೇಡ ಎಂದು ಮೇಲಧಿಕಾರಿ ಹೇಳಿದ್ದೇ ತಪ್ಪಾಯಿತು. ಹೋದ. ಹಿಮ ತೆಗೆಯುವ ಲಾರಿಯನ್ನು ಹಿಮದಿಂದ ತೆಗೆಯುವುದಕ್ಕೆ ನಾವು ಆರು ಜನ ಟ್ರ್ಯಾಕ್ಟರ್ ತೆಗೆದುಕೊಂಡು ಹೋಗಬೇಕಾಯಿತು. ಹೊರಗೆಳೆದ ಮೇಲೆ ಅವನು ಹೇಳಿದ ಮೊದಲ ಮಾತು, ರಸ್ತೆ ಚೆನ್ನಾಗೇ ಇದೆ, ಅಂತ.

ಈ ವರ್ಷ ಅವನು ತೀರ್ಮಾನಿಸಿಬಿಟ್ಟಿದ್ದ. ಫ್ರಿಜ್‌ಗೆ ಕಾಲಿಡುವುದಿಲ್ಲ. ತನ್ನ ಜಾಗವನ್ನು ತಾನೇ ಆರಿಸುತ್ತೇನೆ, ಹಲಗೆಯ ಮೇಲೆ ತನ್ನ ಹೆಸರು ಬರೆಸುತ್ತೇನೆ, ಇನ್ನು ಮೇಲೆ ಉಳಿದವರು ಬಂದು ತನ್ನ ಅಪ್ಪಣೆ ಕೇಳಬೇಕು. ಬೇರೇನೂ ಬೇಡ, ಅಷ್ಟೇ.

"ಏನ್ ಅಳಿಯಂದ್ರೇ, ನನ್ನ ಕಾಡಿಗೇ ಮೊಳೆ ಹೊಡೀತಿದೀರಲ್ಲಾ?" ಎಂದರು ಅರ್ವಿಡ್, ಹಾಲಿನ ಬಕೆಟ್ ಕೆಳಗಿಟ್ಟು.

"ಹಳೇ ಬೇಲಿ ಮೂಲೆ," ಎಂದ ವರ್ಲಿನ್. "ಗಂಡು ಜಿಂಕೆ ನೆಲ ಕೆದರಿದ ಜಾಗ ಸಿಕ್ಕಿದೆ ಅಲ್ಲಿ. ಬಸ್ಸಿನ ಚಕ್ರದಷ್ಟು ಅಗಲ. ಮೇಲಿನ ಕೊಂಬೆ ಕಚ್ಚಿ ಕಚ್ಚಿ ಜುಂಗು ಮಾಡಿಟ್ಟಿದೆ. ಮೂತ್ರದ ವಾಸನೆ ಇನ್ನೂ ಹಸಿಹಸಿ. ನಾನೇ ಹುಡುಕಿದ್ದು. ಇವತ್ತು ಅಲ್ಲೇ ಕೂರ್ತೀನಿ."

ಬೆದೆಯ ಕಾಲದಲ್ಲಿ ಗಂಡು ಜಿಂಕೆ ಹೆಣ್ಣಿಗೆ ಗುರುತು ಬಿಡಲು ಹೀಗೆ ನೆಲ ಕೆದರಿ, ಮೂತ್ರ ಹೊಯ್ದು, ಮತ್ತೆ ಮತ್ತೆ ಆ ಕಡೆ ಬರುತ್ತದೆ. ಇಷ್ಟು ಹೇಳಿದ್ದೇ ತಡ, ಉಪದೇಶದ ಸುರಿಮಳೆ ಶುರುವಾಯಿತು.

"ಭಾವಾ, ಹಾಗಿದ್ರೆ ಓಕ್ ಮರ ಹತ್ತು," ಎಂದ ಗೇಲನ್. "ಕೆದರಿದ ಜಾಗದ ಮೇಲೇ ಇದೆ. ಬಂದ ತಕ್ಷಣ ಬುಡದಲ್ಲೇ ಹೊಡೀಬಹುದು."

"ಥೂ, ಇವನ ಮಾತು ಕೇಳ್ಬೇಡ," ಎಂದರು ಸೋಲ್ವೇಗ್. ಅವರಿಗೆ ಎಪ್ಪತ್ತೆರಡು, ಬಿಲ್ಲು ಎಳೆಯುವ ತೋಳು ಮಾತ್ರ ಇಪ್ಪತ್ತೆರಡರದು. "ದೊಡ್ಡ ಗಂಡು ಕೆದರಿದ ಜಾಗಕ್ಕೆ ಬರೋದೇ ಇಲ್ಲ ಕಣೋ. ಗಾಳಿ ವಾಸನೆ ಹೊತ್ತು ತರೋ ಕಡೆ ಅರವತ್ತು ಹೆಜ್ಜೆ ದೂರ ನಿಂತು ಮೂಸಿ ನೋಡಿ ಹೋಗುತ್ತೆ. ಅಲ್ಲೊಂದು ಬಾಸ್‌ವುಡ್ ಮರ ಇದೆ. ಅದನ್ನ ಹತ್ತು."

"ಇಬ್ರೂ ಸುಮ್ನಿರಿ," ಎಂದರು ಅರ್ವಿಡ್. "ಕೆದರೋದೆಲ್ಲ ಕತ್ತಲಾದ್ಮೇಲಿನ ಕೆಲಸ. ಬೆಳಕಿರುವಾಗ ಸಿಗಬೇಕಂದ್ರೆ ಅದು ಮಲಗೋ ಪೊದೆಗೂ ಕೆದರೋ ಜಾಗಕ್ಕೂ ನಡುವೆ ಕೂರಬೇಕು. ಪೈನ್ ಮರ. ಬರ್ಕೋ ಬೇಕಾದ್ರೆ."

ಮೂರು ಮಾತೂ ಸರಿ. ಬೇಟೆ ಬಲ್ಲವರು ಯಾರೂ ಇವುಗಳಲ್ಲಿ ಒಂದನ್ನೂ ತಳ್ಳಿಹಾಕುವಂತಿರಲಿಲ್ಲ. ವರ್ಲಿನ್ ಎದೆ ಧಸಕ್ಕೆಂದದ್ದು ಅದಕ್ಕೇ. ಓಕ್ ಹತ್ತಿ ಜಿಂಕೆ ಕೆಡವಿದರೆ ಮೊಳೆ ಗೇಲನ್‌ಗೆ. ಬಾಸ್‌ವುಡ್ ಹತ್ತಿದರೆ ಸೋಲ್ವೇಗ್‌ಗೆ ನಾಲ್ಕನೆಯದು. ಪೈನ್ ಆದರೆ ಮುದುಕರ ಖಾತೆಗೆ ಇನ್ನೊಂದು. ಅವನೂ ಮನಸ್ಸಿನಲ್ಲಿ ಬಾಸ್‌ವುಡ್ ಮರವನ್ನೇ ಗುರುತು ಮಾಡಿಕೊಂಡಿದ್ದ. ಈಗ ಅದರ ಹತ್ತಿರ ಹೋಗುವಂತಿಲ್ಲ.

"ನನಗೆ ಯಾರೂ ಏನೂ ಹೇಳ್ಬೇಕಾಗಿಲ್ಲ," ಎಂದು ತನ್ನ ಬಿಲ್ಲೆಯನ್ನು ಹೊಸ ಮೊಳೆಗೆ ತೂಗುಹಾಕಿದ. "ಓಕ್ ಇಲ್ಲ, ಬಾಸ್‌ವುಡ್ ಇಲ್ಲ, ಪೈನೂ ಇಲ್ಲ. ಕೇಳಿಸ್ತಾ?"

ಹೆಂಡತಿ ಮಾರ್ಗಿತ್ ಬಾಗಿಲಲ್ಲಿ ನಿಂತು ಅವನ ಫ್ಲಾಸ್ಕಿಗೆ ಕಾಫಿ ತುಂಬುತ್ತಿದ್ದಳು. ಅವಳೊಬ್ಬಳು ಮಾತ್ರ ಒಂದು ಮಾತೂ ಆಡಲಿಲ್ಲ. ಆ ಮನೆಯಲ್ಲಿ ತನ್ನ ಪಕ್ಷದವಳು ಇವಳೊಬ್ಬಳೇ ಎಂದು ವರ್ಲಿನ್‌ಗೆ ಕಣ್ಣು ತುಂಬಿ ಬಂತು.

ಆರು ಗಂಟೆಗೆ, ಮಡಚುವ ಅಟ್ಟಣೆಯನ್ನೂ ಏಣಿಯ ನಾಲ್ಕು ತುಂಡುಗಳನ್ನೂ ಬೆನ್ನಿಗೇರಿಸಿ ಅವನು ಬೇಲಿ ಮೂಲೆಗೆ ಬಂದು ನಿಂತ. ಓಕ್, ಬಾಸ್‌ವುಡ್, ಪೈನ್ ಮೂರೂ ನೆಟ್ಟಗೆ ನಿಂತು, ಬಾ ಎಂದು ಕರೆಯುವಂತಿದ್ದವು. ಅವುಗಳಿಗೆ ಬೆನ್ನು ತಿರುಗಿಸಿದ. ಉಳಿದದ್ದು ಬೇಲಿಯ ಮೂಲೆಯಲ್ಲಿ, ಹುಲ್ಲು ಒಟ್ಟುಗೂಡಿಸುವ ತುಕ್ಕು ಹಿಡಿದ ಹಳೇ ಯಂತ್ರದ ಪಕ್ಕ, ಒಂದು ಸೊಟ್ಟ ಮೇಪಲ್. ಬುಡದಿಂದಲೇ ವಾಲಿ, ನಡುವಿನಲ್ಲಿ ಮನಸ್ಸು ಬದಲಾಯಿಸಿ, ಮತ್ತೆ ಇನ್ನೊಂದು ಕಡೆಗೆ ವಾಲಿತ್ತು. ಬುದ್ಧಿ ನೆಟ್ಟಗಿರುವ ಯಾವನೂ ಅದನ್ನು ಹತ್ತು ಎಂದು ಯಾರಿಗೂ ಹೇಳಲಾರ. ಅದೇ ಅದರ ದೊಡ್ಡ ಗುಣವಾಗಿ ವರ್ಲಿನ್‌ಗೆ ಕಂಡಿತು.

ಹತ್ತಿದ. ಏಣಿಯ ಒಂದು ತುಂಡು ಕೈಜಾರಿ ತುಕ್ಕಿನ ಯಂತ್ರದ ಮೇಲೆ ಬಿದ್ದು, ಚರ್ಚಿನ ಗಂಟೆ ಹೊಡೆದಂತಾಯಿತು. ಅಟ್ಟಣೆ ಎಷ್ಟು ಬಿಗಿದರೂ ಒಂದು ಕಡೆಗೆ ಇಳಿಜಾರಾಗಿಯೇ ನಿಂತಿತು. ಒಂದು ಕುಂಡೆ ಮೇಲೆ, ಒಂದು ಕೆಳಗೆ, ಎಡಗೈಯಲ್ಲಿ ಮರವನ್ನು ತಬ್ಬಿಕೊಂಡು ಕೂತ. ಮರಕ್ಕೆ ಬಿಗಿದ ಸೊಂಟದ ಪಟ್ಟಿ ಇಲ್ಲದಿದ್ದರೆ ಏಳೂವರೆಯ ಒಳಗೇ ನೆಲಕ್ಕೆ ಬಂದಿರುತ್ತಿದ್ದ. ಒಂದು ಕೆಂಪು ಅಳಿಲು ಎದುರಿನ ಕೊಂಬೆಗೆ ಬಂದು ಅವನನ್ನು ಮುಕ್ಕಾಲು ಗಂಟೆ ಬೈದು, ಸಾಕಾಗಿ ಹೊರಟುಹೋಯಿತು.

ಒಂಬತ್ತಕ್ಕೆ ಗೇಲನ್ ಬಂದ. ಸಗಣಿ ಮೆತ್ತಿದ ಕೊಟ್ಟಿಗೆಯ ಬೂಟು, ಕೈಯಲ್ಲಿ ಬೇಲಿ ತಂತಿಯ ಇಕ್ಕಳ. ಓಕ್ ಮರದ ಬುಡಕ್ಕೆ ಹೋಗಿ ತಲೆಯೆತ್ತಿ ನೋಡಿ, ಕಾಡೆಲ್ಲ ಮೊಳಗುವಂತೆ ಕೂಗಿದ.

"ಭಾವಾ! ಎಲ್ಲಿದೀಯಾ? ಓಕ್ ಮರದಲ್ಲಿ ಇಲ್ವಲ್ಲಾ!"

"ಸತ್ತೋಗಿದೀನಿ! ಹೋಗೋ ಇಲ್ಲಿಂದ!" ಎಂದು ವರ್ಲಿನ್ ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದ.

"ಅಯ್ಯೋ, ಆ ಸೊಟ್ಟದ್ರಲ್ಲಾ? ಜೋಪಾನ, ಬಿದ್ದುಗಿದ್ದೀಯಾ. ಬೇಲಿ ನೋಡೋಕ್ ಬಂದಿದ್ದೆ, ಅಷ್ಟೇ." ಇಷ್ಟು ಹೇಳಿ ಅವನು ಓಕ್ ಮರದ ಸುತ್ತ ಎರಡು ಸುತ್ತು ಹಾಕಿ, ಬೂಟನ್ನು ಬೇರಿಗೆ ಉಜ್ಜಿ ಹೋದ. ಬೇಲಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

ಹನ್ನೆರಡಕ್ಕೆ ಸೋಲ್ವೇಗ್ ಬಂದರು, ಕೈಯಲ್ಲಿ ಬಟ್ಟೆ ಮುಚ್ಚಿದ ಪಾತ್ರೆ. ಆಲೂಗಡ್ಡೆ, ಮಾಂಸ, ಈರುಳ್ಳಿ ಸೇರಿಸಿ ಬೇಯಿಸಿದ ಹಾಟ್‌ಡಿಶ್. ಮೂರು ದಿನದಿಂದ ವರ್ಲಿನ್ ಮೈಯಲ್ಲಿ ವಾಸನೆ ಇರಬಾರದೆಂದು ಅಡುಗೆ ಸೋಡಾದಲ್ಲಿ ಸ್ನಾನ ಮಾಡಿ, ಬಟ್ಟೆಯನ್ನು ಒಣಗಿದೆಲೆಯ ಜತೆ ಚೀಲದಲ್ಲಿ ಕಟ್ಟಿಟ್ಟಿದ್ದ. ಈಗ ಈರುಳ್ಳಿಯ ಘಮ ಕಾಡಿಗೆಲ್ಲ ಹಬ್ಬಿತು. ಸೋಲ್ವೇಗ್ ಬಾಸ್‌ವುಡ್ ಬುಡದಲ್ಲಿ ನಿಂತು, ಎಕ್ಕದ ಕಾಯಿಯೊಳಗಿರುವಂಥ ಬಿಳಿ ಎಳೆಗಳನ್ನು ಜೇಬಿನಿಂದ ತೆಗೆದು ಗಾಳಿಗೆ ಬಿಟ್ಟರು. ಅವು ತೇಲುತ್ತ ಹೋದ ದಾರಿ ನೋಡಿ ತಲೆಯಾಡಿಸಿದರು.

"ನೋಡೋ, ಗಾಳಿ ನಾನ್ ಹೇಳ್ದಂಗೇ ಇದೆ. ಇಳ್ದು ಇಲ್ಲಿಗ್ ಬಾ."

"ಬರಲ್ಲ ಅತ್ತೆ."

"ಊಟಾನಾದ್ರೂ ಮಾಡು."

"ಹಸಿವಿಲ್ಲ!" ಎಂದ ವರ್ಲಿನ್. ಹೊಟ್ಟೆ ಅದೇ ಕ್ಷಣದಲ್ಲಿ ಕೊಟ್ಟಿಗೆಯ ಕರುವಿನಂತೆ ಕೂಗಿತು. ಸೋಲ್ವೇಗ್ ಬಾಸ್‌ವುಡ್ ಬುಡದಲ್ಲೇ ಕೂತು, ಅವನು ನೋಡುತ್ತಿದ್ದಂತೆ, ಪಾತ್ರೆಯಲ್ಲಿದ್ದುದನ್ನು ನಿಧಾನವಾಗಿ ತಾವೇ ಮುಗಿಸಿ ಹೋದರು.

ಅವನಿಗೆ ತಡೆಯಲಾಗಲಿಲ್ಲ. ಹೆಂಡತಿಗೆ ಫೋನ್ ಮಾಡಿದ.

"ಮಾರ್ಗಿತ್, ನಿಮ್ಮ ಮನೆಯವರನ್ನೆಲ್ಲ ಹಿಡಿದು ಹಸುಗಳ ಜತೆ ಕಟ್ಟಿಹಾಕು. ಬೇಕೂಂತ ನನ್ನ ಬೇಟೆ ಹಾಳ್ ಮಾಡ್ತಿದಾರೆ. ನನ್ನ ಹೆಸರು ಹಲಗೆ ಮೇಲೆ ಬರಬಾರದು, ಅದೇ ಇವರ ಹಟ."

"ಪಾಪ, ಎಷ್ಟ್ ಚಳಿ ಇದ್ಯೋ ಅಲ್ಲಿ," ಎಂದಳು ಮಾರ್ಗಿತ್. "ಸಾಕು, ಇಳ್ದು ಬಂದ್ಬಿಡು. ಬಿಸಿ ಸೂಪ್ ಮಾಡಿದೀನಿ."

"ಇಳಿಯಲ್ಲ! ಕತ್ತಲಾಗೋವರೆಗೂ ಇಳಿಯಲ್ಲ! ಇಲ್ಲೇ ಮಂಜುಗಡ್ಡೆಯಾದ್ರೂ ಸರಿ!"

ಎರಡೂವರೆಗೆ ನಾಲ್ಕು ಚಕ್ರದ ಪುಟ್ಟ ಗಾಡಿಯಲ್ಲಿ ಡರ್ರನೆ ಅರ್ವಿಡ್ ಬಂದರು. ಪೈನ್ ಮರದ ಕೆಳಗೆ ನಿಲ್ಲಿಸಿ, ಎಂಜಿನ್ ಆರಿಸದೆಯೇ ಇಳಿದು, ನಾಲ್ಕು ಸಲ ಕೆಮ್ಮಿ, ಹೊಗೆಸೊಪ್ಪು ಉಗಿದು, ದುರ್ಬೀನು ಕಣ್ಣಿಗೇರಿಸಿದರು.

"ಹೇಳಿದ್ದು ಪೈನು! ಕೂತಿರೋದು ಏನದು, ಮರಾನೋ ಮುದುಕನ ಊರುಗೋಲೋ?"

"ಮಾವ, ನೀವು ದೊಡ್ಡೋರು. ಕೈ ಮುಗೀತೀನಿ, ಹೋಗಿ!"

"ಕೈ ಮುಗೀಬೇಡ ಮಾರಾಯಾ, ಮರ ಬಿಟ್ಟರೆ ಬೀಳ್ತೀಯಾ." ಅವರು ಪೈನ್ ಮರದ ಸುತ್ತಲೇ ಗಾಡಿ ತಿರುಗಿಸಿಕೊಂಡು, ಪೆಟ್ರೋಲಿನ ಹೊಗೆ ಬಿಡುತ್ತ ಮನೆಗೆ ಹೋದರು.

ಇನ್ನು ಜಿಂಕೆಯ ಮಾತೆಲ್ಲಿ ಬಂತು? ಓಕ್ ಕಡೆ ಸಗಣಿ, ಬಾಸ್‌ವುಡ್ ಕಡೆ ಈರುಳ್ಳಿ, ಪೈನ್ ಕಡೆ ಪೆಟ್ರೋಲ್. ಬೇರೆ ಯಾರಾದರೂ ಆಗಿದ್ದರೆ ಇಳಿದು ಸೂಪ್ ಕುಡಿಯಲು ಹೋಗುತ್ತಿದ್ದರು. ವರ್ಲಿನ್ ಇಳಿಯಲಿಲ್ಲ. ಬಲಗಾಲು ಜೋಮು ಹಿಡಿದು ತನ್ನದೋ ಬೇರೆಯವರದೋ ತಿಳಿಯದಂತಾಗಿತ್ತು. ಬೆಳಗ್ಗೆ ಸುತ್ತಿಗೆ ಬಿದ್ದ ಹೆಬ್ಬೆರಳು ಊದಿಕೊಂಡಿತ್ತು. ಹದಿನೆಂಟು ವರ್ಷ ಹೇಳಿದ ಕಡೆ ಕೂತಿದ್ದೇನೆ, ಇವತ್ತೊಂದು ದಿನ ನಾನು ಹೇಳಿದ ಕಡೆ ನಾನು ಕೂರುತ್ತೇನೆ, ಏನು ಮಾಡಿಕೊಳ್ಳುತ್ತಾರೋ ಮಾಡಿಕೊಳ್ಳಲಿ ಎಂದು ಮೇಪಲ್ ಮರವನ್ನು ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡ. ಅವನ ಆ ಹಟವನ್ನು ನೋಡಿದ್ದರೆ ನನಗೂ ಹೆಮ್ಮೆಯಾಗುತ್ತಿತ್ತೇನೋ.

ನಾಲ್ಕೂಕಾಲಿಗೆ, ಬಿಸಿಲು ಇಳಿಯುತ್ತಿದ್ದಾಗ, ಅದು ಬಂತು.

ಪೊದೆಯಿಂದ ಮೊದಲು ಕೊಂಬು ಕಾಣಿಸಿತು. ಹತ್ತು ಕವಲು. ವರ್ಲಿನ್ ಬಿಲ್ಲಿಗೆ ಕೈ ಹಾಕಿದ. ಗಂಡು ಜಿಂಕೆ ಕತ್ತು ಚಾಚಿ ಪೈನ್ ಕಡೆ ನಾಲ್ಕು ಹೆಜ್ಜೆ ಇಟ್ಟಿತು. ಮೂಗರಳಿಸಿತು, ತಿರುಗಿತು. ಬಾಸ್‌ವುಡ್ ಕಡೆ ಹೋಯಿತು. ಈರುಳ್ಳಿ ಇಷ್ಟವಾಗಲಿಲ್ಲ, ತಿರುಗಿತು. ಓಕ್ ಬುಡದ ಕೆದರಿದ ನೆಲವನ್ನು ದೂರದಿಂದಲೇ ನೋಡಿ, ಗೊರಸು ಒಮ್ಮೆ ನೆಲಕ್ಕೆ ಬಡಿದು, ಅಲ್ಲಿಂದಲೂ ತಿರುಗಿತು. ಆಮೇಲೆ ಬೇಲಿಗೆ ಮೈ ಒರಸಿಕೊಂಡಂತೆ, ತಲೆ ತಗ್ಗಿಸಿ, ನೆಟ್ಟಗೆ ಮೂಲೆಯ ಸೊಟ್ಟ ಮರದ ಕಡೆಗೇ ನಡೆದು ಬಂತು.

ಮರ ವಾಲಿದ್ದರಿಂದ ಅವನು ಬಿಲ್ಲೆಳೆದದ್ದು ಅದಕ್ಕೆ ಕಾಣಿಸಲಿಲ್ಲ. ಹನ್ನೆರಡು ಹೆಜ್ಜೆ. ಬಾಣ ಬಿಟ್ಟ. ಜಿಂಕೆ ಚಂಗನೆ ನೆಗೆದು, ನಲವತ್ತು ಹೆಜ್ಜೆ ಓಡಿ, ಅವನ ಕಣ್ಣೆದುರೇ ಬಿತ್ತು. ವರ್ಲಿನ್ ಅರ್ಧ ಗಂಟೆ ಅಲುಗಾಡಲಿಲ್ಲ. ಆಮೇಲೆ ಮರದಿಂದ ಇಳಿದು, ಜೋಮು ಹಿಡಿದ ಕಾಲಿನ ಮೇಲೆ ಬಿದ್ದು, ಎದ್ದು, ಜಿಂಕೆಯ ಪಕ್ಕ ಮಂಡಿಯೂರಿ ಕೂತು ಅದರ ಕತ್ತಿನ ಮೇಲೆ ಕೈಯಿಟ್ಟ. ಅವನ ಕಣ್ಣಲ್ಲಿ ನೀರು ಬಂತು. ಬಂದರೆ ತಪ್ಪೇನಿಲ್ಲ.

ಸಂಜೆ ಆರಕ್ಕೆ ಹಾಲಿನ ಕೋಣೆಯಲ್ಲಿ ಎಲ್ಲರೂ ಸೇರಿದರು. ಜಿಂಕೆ ಹೊರಗೆ ತೊಲೆಗೆ ತೂಗುತ್ತಿತ್ತು. ಗೇಲನ್ ಭಾವನ ಬೆನ್ನು ತಟ್ಟಿದ. ಸೋಲ್ವೇಗ್ ಕೊಂಬನ್ನು ಎರಡು ಸಲ ಅಳೆದರು. ಅರ್ವಿಡ್ ಕಪ್ಪು ಬಣ್ಣದ ಪೆನ್ನಿನ ಮುಚ್ಚಳ ತೆಗೆದರು.

"ಪದ್ಧತಿ ಪ್ರಕಾರ ಕೇಳ್ತೀನಿ. ಈ ಜಾಗ ಆರಿಸಿದ್ದು ಯಾರು?"

"ನಾನು!" ವರ್ಲಿನ್ ಎದೆಯುಬ್ಬಿಸಿದ. "ನೀವು ಪೈನ್ ಅಂದ್ರಿ, ಅತ್ತೆ ಬಾಸ್‌ವುಡ್ ಅಂದ್ರು, ಇವನು ಓಕ್ ಅಂದ. ಮೇಪಲ್ ಅಂತ ನಿಮ್ಮ ಮೂವರಲ್ಲಿ ಯಾರಾದ್ರೂ ಉಸುರಿದ್ರಾ? ದೇವರಾಣೆಗೂ ಹೇಳಿ."

"ಇಲ್ಲ," ಎಂದರು ಮೂವರೂ.

"ಹಾಗಾದ್ರೆ ಬರೀರಿ."

ಅರ್ವಿಡ್ ಹಲಗೆಗೆ ಅಡ್ಡ ನಿಂತು ನಿಧಾನವಾಗಿ ಬರೆದು ಪಕ್ಕಕ್ಕೆ ಸರಿದರು. ಎಂಟನೆಯ ಮೊಳೆಯ ಕೆಳಗೆ ದಪ್ಪ ಅಕ್ಷರದಲ್ಲಿ ಮಾರ್ಗಿತ್ ಎಂದಿತ್ತು.

"ಮಾವ, ಕನ್ನಡಕ ಹಾಕ್ಕೊಳ್ಳಿ. ಜಿಂಕೆ ಹೊಡೆದೋನು ನಾನು."

"ಹಾಕ್ಕೊಂಡೇ ಬರ್ದಿದೀನಿ. ಹೊಡೆದಿದ್ದು ನೀನೇ, ಯಾರ್ ಇಲ್ಲ ಅಂದ್ರು?"

"ಭಾವಾ, ಬೇಜಾರ್ ಮಾಡ್ಕೋಬೇಡ," ಎಂದ ಗೇಲನ್, ನೆಲ ನೋಡುತ್ತ. "ಓಕ್ ಅಂತ ಹೇಳು ಅಂತ ನನಗೆ ಹೇಳಿಕೊಟ್ಟಿದ್ದು ಅಕ್ಕ."

"ನನಗೆ ಬಾಸ್‌ವುಡ್ ಅಂದ್ಲು," ಎಂದರು ಸೋಲ್ವೇಗ್. "ಮಧ್ಯಾಹ್ನ ಅಲ್ಲೇ ಕೂತು ಊಟ ಮಾಡು ಅಂದಿದ್ದೂ ಅವಳೇ. ಈರುಳ್ಳಿ ಜಾಸ್ತಿ ಹಾಕಿದ್ದೂ ಅವಳೇ."

"ನನಗೆ ಪೈನ್ ಅಂದ್ಲು. ಗಾಡಿ ಎಂಜಿನ್ ನಿಲ್ಲಿಸ್ಬೇಡ ಅಪ್ಪಾ ಅಂತಾನೂ ಅಂದಿದ್ಲು," ಎಂದರು ಅರ್ವಿಡ್.

ವರ್ಲಿನ್ ಹೆಂಡತಿಯ ಕಡೆ ತಿರುಗಿದ. ಮಾರ್ಗಿತ್ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು, ಹವಾಮಾನದ ಸುದ್ದಿ ಹೇಳುವಷ್ಟು ಸಲೀಸಾಗಿ ಹೇಳಿದಳು. "ಆ ಮೂಲೆ ವಿಷಯ ನೀನು ವಾರದ ಹಿಂದೇನೇ ನನ್ನ ಹತ್ರ ಹೇಳಿದ್ದೆ. ಅಕ್ಟೋಬರ್‌ನಲ್ಲಿ ಕಾಡಿನ ಕಾಯಿ ಆರಿಸೋಕೆ ಹೋದಾಗ ನಾಲ್ಕು ಸಲ ನೋಡಿದ್ದೆ ಆ ಜಿಂಕೇನ. ಯಾವುದಾದ್ರೂ ಕಡೆ ಮನುಷ್ಯರ ವಾಸನೆ ಬಂದ್ರೆ ಬೇಲಿ ಹಿಡಿದು ಆ ಮೂಲೆಗೇ ಬರ್ತಿತ್ತು. ಮೂರು ಕಡೆ ಬಂದ್ ಮಾಡಿದ್ರೆ ನಾಲ್ಕನೇ ಕಡೆ ಬರದೆ ಎಲ್ಲಿಗ್ ಹೋಗುತ್ತೆ ಅನ್ನಿಸ್ತು."

"ಜಿಂಕೆ ವಿಷಯ ಸರಿ! ನನ್ನ ವಿಷಯ?"

"ಅದೇ ಉಪಾಯ," ಎಂದಳು ಮಾರ್ಗಿತ್.

"ನನಗೇ ನೇರವಾಗಿ ಹೇಳ್ಬಹುದಿತ್ತಲ್ಲ, ಆ ಸೊಟ್ಟ ಮರ ಹತ್ತು ಅಂತ?"

"ಹೇಳಿದ್ರೆ ಹತ್ತುತಿದ್ಯಾ?"

ವರ್ಲಿನ್ ಉಳಿದವರ ಮುಖ ನೋಡಿದ. ಹಾಲಿನ ಕೋಣೆಯಲ್ಲಿ ಯಾರೂ ಅವನ ಸಹಾಯಕ್ಕೆ ಬರಲಿಲ್ಲ. "ಹದಿನೆಂಟು ನವೆಂಬರ್ ನಿನ್ನ ಗೊಣಗಾಟ ಕೇಳಿದೀನಿ," ಎಂದಳು ಅವಳು, ಸ್ವಲ್ಪ ಮೆತ್ತಗೆ. "ಒಂದು ವರ್ಷನಾದ್ರೂ ನೀನು ನಗ್ತಾ ಮನೆಗೆ ಬರ್ಲಿ ಅಂತ ಮಾಡಿದೆ. ಹೆಸರು ಬರೀರಿ ಅಂತ ನಾನೇನೂ ಕೇಳಿರ್ಲಿಲ್ಲ."

"ನಾಲ್ಕರಲ್ಲಿ ಮೂರು ತೆಗೆದು ಒಂದನ್ನ ಉಳಿಸಿದ್ರೆ, ಅದನ್ನ ಆರಿಸೋದು ಅಂತಾನೇ ಅನ್ನೋದು," ಎಂದರು ಸೋಲ್ವೇಗ್. ಕೋರ್ಟಿನ ತೀರ್ಪೇ ಆಯಿತು.

ವರ್ಲಿನ್ ಮುಖ ಕೊಟ್ಟಿಗೆಯ ಬಣ್ಣಕ್ಕೆ ತಿರುಗಿತು. "ಸರಿ! ಇಟ್ಕೊಳ್ಳಿ ನಿಮ್ಮ ಹಲಗೇನ! ಆ ಮೊಳೆ ಹೊಡೆದೋನು ನಾನು, ಇಡೀ ದಿನ ಒಂದೇ ಕುಂಡೆ ಮೇಲೆ ಕೂತೋನು ನಾನು. ಇನ್ನು ಎರಡು ವಾರಕ್ಕೆ ಬಂದೂಕಿನ ಬೇಟೆ ಶುರುವಾಗುತ್ತೆ. ಆದ್ರೆ ಒಂದು ಮಾತು ಕೇಳ್ಕೊಳ್ಳಿ ಎಲ್ರೂ. ನನ್ನ ಮರ ಹತ್ತೋಕೆ ನಾನು ಹೆಂಡತಿ ಅಪ್ಪಣೆ ಕೇಳಲ್ಲ! ಈ ಜನ್ಮದಲ್ಲಿ ಕೇಳಲ್ಲ!"

"ಬೇಡ ಬಿಡು," ಎಂದಳು ಮಾರ್ಗಿತ್. "ಕೇಳ್ಲೇಬೇಡ."

"ಯಾಕೆ ಕೇಳ್ಬಾರದು?" ಗುಡುಗಿದ ವರ್ಲಿನ್. "ಕೇಳ್ಬೇಡ ಅನ್ನೋಕೆ ನೀನ್ಯಾರು? ಕೇಳೇ ಕೇಳ್ತೀನಿ! ಎಲ್ಲರ ಮುಂದೇನೇ ಕೇಳ್ತೀನಿ! ಬಂದೂಕಿನ ಬೇಟೆ ಮೊದಲ ದಿನ ನಾನು ಅಲ್ಲಿ ಕೂತ್ಕೋಬಹುದಾ?"

ಮಾತು ಬಾಯಿಂದ ಹೊರಬಿದ್ದ ಮೇಲೆ ಅವನಿಗೆ ತಾನೇನು ಮಾಡಿದೆನೆಂದು ಹೊಳೆಯಿತು. ಗೇಲನ್ ಟೋಪಿಯಿಂದ ಮುಖ ಮುಚ್ಚಿಕೊಂಡ. ಅರ್ವಿಡ್ ಪೆನ್ನಿನ ಮುಚ್ಚಳವನ್ನು ಟಕ್ಕೆಂದು ಹಾಕಿ, "ಕೇಳಿದ. ನಾವ್ ಮೂರು ಜನ ಸಾಕ್ಷಿ," ಎಂದರು.

ಮಾರ್ಗಿತ್ ಹಲಗೆಯ ಮೇಲಿನ ತನ್ನ ಹೆಸರನ್ನು ನೋಡಿದಳು.

"ಆಗಲ್ಲ," ಎಂದಳು. "ಅವತ್ತು ನಾನೇ ಕೂರ್ತೀನಿ."